ನೀರಿನ ಲೆಕ್ಕ ದಿನಾ ಬರುತ್ತದೆ, ನೀರುನಾಯಿಯ ಲೆಕ್ಕ?

ತುಂಗಭದ್ರಾ ಜಲಾಶಯದ ಲೆಕ್ಕ ನಮ್ಮ ಕಡೆ ಚಹಾದಂಗಡಿ ಹುಡುಗನಿಗೂ ಬಾಯಿಪಾಠ. ಭರ್ತಿ ಮಟ್ಟ 1,633 ಅಡಿ. ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು ಕ್ಯೂಸೆಕ್ಸ್, ಎಲ್ಲಾ ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುತ್ತದೆ. ಮಳೆಗಾಲದಲ್ಲಿ ಬಸ್ಸಿಗೆ ಕಾಯುವವರಿಗೆ ಈ ಮೂಲೆ ಪಂಚಾಂಗಕ್ಕಿಂತ ಹೆಚ್ಚು. ಗೇಟು ಎತ್ತಿ ಲಕ್ಷದ ಮೇಲೆ ನೀರು ಬಿಟ್ಟರೆಂದರೆ ಕಂಪ್ಲಿ ಸೇತುವೆ ಮುಳುಗಿತೆಂದೇ ಲೆಕ್ಕ. ಗಂಗಾವತಿಗೆ ಹೋಗುವವರು ಬುಕ್ಕಸಾಗರ-ಕಡೇಬಾಗಿಲು ಸೇತುವೆ ಸುತ್ತಿಕೊಂಡು ಹೋಗಬೇಕು, ಕಂಡಕ್ಟರನ ಜೊತೆ ಜಗಳ ಬೇರೆ.

ಅಷ್ಟೇ ಅಲ್ಲ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಅಣೆಕಟ್ಟು ಈಗ 105ರ ಆಸುಪಾಸಿಗೆ ಇಳಿದಿದೆ. ಹೂಳು. ಅಳೆಯುತ್ತಾ ಬಂದದ್ದರಿಂದ ಗೊತ್ತಾಯಿತು. ಅಳೆಯದೇ ಇದ್ದಿದ್ದರೆ ಪ್ರತಿ ವರ್ಷ ಕೆರೆ ತುಂಬಿತೆಂದು ಬಾಗಿನ ಬಿಟ್ಟು ಮನೆಗೆ ಹೋಗುತ್ತಿದ್ದೆವು.

ಇದೇ ನದಿಯಲ್ಲಿ ಇನ್ನೊಂದು ಲೆಕ್ಕ ಉಂಟು. ಅದು ಪತ್ರಿಕೆಯ ಮೂಲೆಗೆ ಬರುವುದಿಲ್ಲ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. ನೀರುನಾಯಿಗೆಂದೇ ಹೊಳೆ ಮೀಸಲಿಟ್ಟದ್ದು ದೇಶದಲ್ಲಿ ಅದೇ ಮೊದಲು. ಹಂಪಿ, ಆನೆಗೊಂದಿ, ವಿರೂಪಾಪುರ ಗಡ್ಡಿ ಎಲ್ಲಾ ಇದರೊಳಗೇ ಬರುತ್ತವೆ. ವಿರೂಪಾಕ್ಷನ ದರ್ಶನಕ್ಕೆ ಬಂದು ಹೊಳೆಯಲ್ಲಿ ಮುಳುಗೆದ್ದು ಹೋಗುವ ಸಾವಿರಾರು ಜನಕ್ಕೆ, ತಾವು ನೀರುನಾಯಿಯ ಅಂಗಳದಲ್ಲಿ ನಿಂತಿದ್ದೇವೆ ಎಂಬುದೇ ಗೊತ್ತಿಲ್ಲ. ಇರಲಿ.

ಹೆಸರು ನಾಯಿ ಎಂದಾದರೂ ಇದು ನಾಯಿಯ ಜಾತಿಯದಲ್ಲ. ಮೂತಿಯಿಂದ ಬಾಲದ ತುದಿಗೆ ಮೂರು ಅಡಿ ಮೀರುವ, ಏಳರಿಂದ ಹನ್ನೊಂದು ಕಿಲೋ ತೂಗುವ ಪ್ರಾಣಿ. ನುಣುಪು ಕೂದಲು, ಚಪ್ಪಟೆ ಬಾಲ, ಬೆರಳ ನಡುವೆ ಬಾತುಕೋಳಿಯ ಹಾಗೆ ಪೊರೆ. ನಮ್ಮ ಹೊಳೆಯದು ಗುಂಪಿನಲ್ಲಿ ಬದುಕುತ್ತದೆ, ಗುಂಪಿನಲ್ಲೇ ಮೀನು ಅಟ್ಟುತ್ತದೆ. ಬಂಡೆಗಳ ಸಂದಿಯಲ್ಲಿ ಮರಿ ಹಾಕುತ್ತದೆ. ಹಂಪಿಯ ಹೊಳೆಯಲ್ಲಿ ಬಂಡೆಗೇನು ಬರ!

ಹರಿಗೋಲು ಹಾಕುವವರನ್ನೋ ಬಲೆ ಬೀಸುವವರನ್ನೋ ಕೇಳಿದರೆ ನೀರುನಾಯಿಯ ಬಗ್ಗೆ ಎರಡು ಮಾತು ಸಿಗುತ್ತವೆ. ಮೊದಲನೆಯದು, ಬಲೆ ಹರಿಯುತ್ತದೆ, ಮೀನು ತಿನ್ನುತ್ತದೆ ಎಂಬ ತಕರಾರು. ಇನ್ನೊಂದು, ಮೊದಲಿನಷ್ಟು ಕಾಣುವುದಿಲ್ಲ ಎಂಬ ಮಾತು. ಒಂದೇ ಬಾಯಲ್ಲಿ ಎರಡೂ ಬರುವುದುಂಟು. ಹಾಗಾದರೆ ಎಷ್ಟ ಅದಾವ್ರಿ ಅಂದರೆ, ಯಾರಿಗ್ ಗೊತ್ರಿ. ಜಗಳವೆಲ್ಲಾ ಈ ‘ಯಾರಿಗ್ ಗೊತ್ರಿ’ ಒಳಗೆ ಸಿಕ್ಕಿಕೊಂಡಿದೆ. ಹೆಚ್ಚಾಗಿವೆ ಎನ್ನುವವನನ್ನೂ ಸುಳ್ಳ ಎನ್ನುವ ಹಾಗಿಲ್ಲ, ಕಡಿಮೆಯಾಗಿವೆ ಎನ್ನುವವನನ್ನೂ ನಂಬುವ ಹಾಗಿಲ್ಲ. ಅಂಗಡಿಯಲ್ಲಿ ಸ್ಟಾಕು ನೋಡದೇ ಮಾಲು ಕಳುವಾಯಿತೋ ಇಲ್ಲವೋ ಎಂದು ಅಣ್ಣತಮ್ಮಂದಿರು ಕಚ್ಚಾಡಿದ ಹಾಗೆ.

ಎಷ್ಟಿವೆ ಎಂಬ ಪ್ರಶ್ನೆಯ ಬೆಲೆ ಸರಿಯಾಗಿ ಗೊತ್ತಿರುವುದು ಅದನ್ನು ಪೂರ್ತಿ ಕಳೆದುಕೊಂಡು, ಹೊರಗಿನಿಂದ ತಂದು ಮತ್ತೆ ಬಿಟ್ಟವರಿಗೆ. ಆ ಕಥೆ ನಮ್ಮ ಹೊಳೆಯದಲ್ಲ, ದೂರದ ಹಾಲೆಂಡಿನದು. ಆದರೆ ಕೇಳಬೇಕಾದ ಕಥೆ.

ಹಾಲೆಂಡಿನವರು ಹಿಕ್ಕೆ ಆರಿಸಿದ್ದು

ಹಾಲೆಂಡ್, ಅಂದರೆ ನೆದರ್‌ಲ್ಯಾಂಡ್ಸ್, ಕಾಲುವೆ ಮತ್ತು ಜೌಗಿನ ದೇಶ. ಅಲ್ಲೂ ನೀರುನಾಯಿ ಇತ್ತು, ನಮ್ಮದಲ್ಲದ ಇನ್ನೊಂದು ಜಾತಿ. ಬೇಟೆ, ಕಾರ್ಖಾನೆಯ ವಿಷ, ಮೀನಿನ ಬಲೆ, ರಸ್ತೆ, ಎಲ್ಲಾ ಸೇರಿ 1980ರ ದಶಕ ಮುಗಿಯುವ ಹೊತ್ತಿಗೆ ಒಂದೂ ಉಳಿಯಲಿಲ್ಲ. ಕಟ್ಟಕಡೆಗೆ ಸಿಕ್ಕ ಗುರುತೂ ಒಂದು ಹೆಣವೇ.

2002ರಲ್ಲಿ ಅವರು ಮತ್ತೆ ಬಿಡಲು ಶುರು ಮಾಡಿದರು. ದೇಶದ ಉತ್ತರ ಭಾಗದ ಒಂದು ಜೌಗು ಪ್ರದೇಶದಲ್ಲಿ 2008ರವರೆಗೆ ಒಟ್ಟು ಮೂವತ್ತು ಪ್ರಾಣಿ. ಹತ್ತು ಗಂಡು, ಇಪ್ಪತ್ತು ಹೆಣ್ಣು. ಪತ್ರಿಕೆಯಲ್ಲಿ ಫೋಟೋ ಬರುವ ಕೆಲಸ ಇಷ್ಟೇ. ಬೋನಿನ ಬಾಗಿಲು ಎತ್ತಿದರೆ ಪ್ರಾಣಿ ನೀರಿಗೆ ಜಿಗಿಯುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ?

ಆಮೇಲೆ ಪ್ರಾಣಿ ಕಾಣುವುದೇ ಇಲ್ಲ. ಅಲ್ಲಿಯ ನೀರುನಾಯಿ ರಾತ್ರಿ ತಿರುಗುವಂಥದ್ದು, ಒಂಟಿ. ಹುಲಿಗಾದರೆ ಪಟ್ಟೆ ಉಂಟು, ಒಂದರ ಹಾಗೆ ಇನ್ನೊಂದರದು ಇರುವುದಿಲ್ಲ. ಕಾಡಿನಲ್ಲಿ ಕ್ಯಾಮರಾ ಕಟ್ಟಿದರೆ ಇದು ಆ ಹುಲಿ, ಅದು ಈ ಹುಲಿ ಎಂದು ಹೇಳಬಹುದು. ನೀರುನಾಯಿ ಎಲ್ಲಾ ಒಂದೇ ಥರ, ಒದ್ದೆ ಕಂದು ಬಣ್ಣ. ಹತ್ತು ಫೋಟೋ ಬಂದರೆ ಹತ್ತು ಪ್ರಾಣಿಯೋ, ಒಂದೇ ಪ್ರಾಣಿ ಹತ್ತು ಸಲ ಬಂತೋ, ಹೇಳುವುದು ಕಷ್ಟ. ಕೊರಳಿಗೆ ರೇಡಿಯೋ ಪಟ್ಟಿ ಕಟ್ಟೋಣವೆಂದರೆ ಅದರ ಕೊರಳೂ ತಲೆಯೂ ಒಂದೇ ದಪ್ಪ, ಪಟ್ಟಿ ಜಾರಿ ಬೀಳುತ್ತದೆ. ಆದ್ದರಿಂದ ನೀರುನಾಯಿಗೆ ರೇಡಿಯೋ ಇಡಬೇಕಾದರೆ ಹೊಟ್ಟೆ ಕೊಯ್ದು ಒಳಗೇ ಇಡುತ್ತಾರೆ.

ಹಾಲೆಂಡಿನವರು ಹಿಡಿದ ದಾರಿ ಬೇರೆ. ನೀರುನಾಯಿಗೆ ಒಂದು ಚಟ. ದಡದ ಎತ್ತರದ ಕಲ್ಲು, ಮರದ ಬೇರು, ಸೇತುವೆಯ ಕೆಳಗಿನ ಕಟ್ಟೆ, ಇಂಥ ಕಡೆಯೇ ಹಿಕ್ಕೆ ಹಾಕುತ್ತದೆ. ಈ ಜಾಗ ನನ್ನದು ಎಂದು ಬೋರ್ಡು ಬರೆದಂತೆ. ಅದರಲ್ಲಿ ಮೀನಿನ ಮುಳ್ಳು, ಪೊರೆ, ಏಡಿಯ ಚಿಪ್ಪು ಇರುತ್ತವೆ. ಜೊತೆಗೆ ಆ ಪ್ರಾಣಿಯ ಕರುಳಿನ ಕಣ, ಅಂದರೆ ಡಿಎನ್‌ಎ. ಬಿಡುವ ಮುಂಚೆಯೇ ಎಲ್ಲಾ ಪ್ರಾಣಿಗಳ ಡಿಎನ್‌ಎ ಗುರುತು ಬರೆದಿಟ್ಟುಕೊಂಡಿದ್ದರು. ಪ್ರತಿ ಚಳಿಗಾಲ ಜೌಗಿನ ಸುತ್ತ ನಡೆದು ಹಿಕ್ಕೆ ಆರಿಸಿದರು. ಬೆರಳಚ್ಚು ನೋಡಿ ಕಳ್ಳನನ್ನು ಹಿಡಿಯುವ ಪೊಲೀಸರ ಹಾಗೆ, ಹಿಕ್ಕೆ ನೋಡಿ ಇದು ಇಂಥ ಪ್ರಾಣಿಯದು, ಇದು ಹೊಸದು, ಇದಕ್ಕೆ ತಾಯಿ ಅದು, ತಂದೆ ಇದು ಎಂದು ಬರೆಯುತ್ತಾ ಹೋದರು.

2002ರಿಂದ 2008ರವರೆಗೆ ಪರೀಕ್ಷೆ ಮಾಡಿದ ಹಿಕ್ಕೆ 1,265. ಅದರಲ್ಲಿ ಸರಿಯಾದ ಉತ್ತರ ಕೊಟ್ಟದ್ದು 582, ನೂರಕ್ಕೆ 46. ಉಳಿದದ್ದು ಹಾಳು. ಅರ್ಧಕ್ಕಿಂತ ಹೆಚ್ಚು ಶ್ರಮ ನೀರುಪಾಲು ಎಂದು ಬೇರೆಯವರಾದರೆ ಕೈಬಿಡುತ್ತಿದ್ದರೇನೋ. ಇವರು ಬಿಡಲಿಲ್ಲ. ಆ 582ರಿಂದಲೇ ಗೊತ್ತಾಯಿತು, ಅಲ್ಲೇ ಹುಟ್ಟಿದ ಮರಿಗಳು 54. ಹೆಣ್ಣು 23, ಗಂಡು 31. ಹೆಣ್ಣುಗಳು ಮೊದಲ ವರ್ಷ ಕಳೆದ ಮೇಲೆ ಮರಿ ಹಾಕಲು ಶುರು ಮಾಡಿದ್ದವು.

ಸಂತೋಷದ ಸುದ್ದಿ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ತಂದೆ ಯಾರು ಎಂದು ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಮೂರರಲ್ಲಿ ಎರಡು ಪಾಲು ಮರಿಗಳಿಗೆ ತಂದೆಯಾದವು ಬರೀ ಕೆಲವೇ ದಪ್ಪ ಗಂಡುಗಳು. ಜಾಗ ಹಿಡಿದುಕೊಂಡವನೇ ಗೌಡ, ಉಳಿದವರು ಊರಾಚೆ. ತಲೆ ಎಣಿಸಿದರೆ ಸಂಖ್ಯೆ ಏರಿದೆ, ಒಳಗೆ ನೋಡಿದರೆ ಎಲ್ಲಾ ಒಂದೇ ಮನೆಯ ಸಂಬಂಧ. ರಕ್ತ ಹತ್ತಿರವಾದರೆ ಮುಂದೆ ಏನಾಗುತ್ತದೆಂದು ನಮ್ಮ ಕುರಿ ಸಾಕುವವರಿಗೂ ಗೊತ್ತು, ಅದಕ್ಕೇ ಟಗರನ್ನು ಬೇರೆ ಹಿಂಡಿನಿಂದ ತರುತ್ತಾರೆ. ಬರೀ ತಲೆ ಎಣಿಸಿದ್ದರೆ ಈ ವಿಷಯ ಕೈಗೆ ಸಿಗುತ್ತಿರಲಿಲ್ಲ.

ಸೇತುವೆ ಮೇಲೆ ಸಾವು

ಬಸ್ಸಿನಲ್ಲಿ ಓಡಾಡುವವರು ಇದನ್ನು ಗಮನವಿಟ್ಟು ಓದಬೇಕು. ಹಾಲೆಂಡಿನಲ್ಲಿ ಸತ್ತು ಸಿಕ್ಕ ನೀರುನಾಯಿಗಳಲ್ಲಿ ಹೆಚ್ಚಿನವು ಸತ್ತದ್ದು ನೀರಿನಲ್ಲಲ್ಲ, ಡಾಂಬರು ರಸ್ತೆಯಲ್ಲಿ.

ನೀರಿನಲ್ಲಿ ಈಜುವ ಪ್ರಾಣಿ ರಸ್ತೆಗೆ ಯಾಕೆ ಬರುತ್ತದೆ? ಕಾಲುವೆ ಒಂದು ಸಣ್ಣ ಸೇತುವೆಯೊಳಗೆ ಹಾಯುತ್ತದೆ ಅನ್ನಿ. ಎರಡೂ ಕಡೆ ಗೋಡೆ, ಕಾಲಿಡಲು ಒಣ ಜಾಗವಿಲ್ಲ. ನೀರುನಾಯಿಗೆ ಅಲ್ಲಿ ನುಗ್ಗಲು ಮನಸ್ಸಿಲ್ಲ. ದಡ ಹತ್ತಿ, ರಸ್ತೆ ದಾಟಿ, ಆ ಕಡೆ ಇಳಿಯುತ್ತದೆ. ರಾತ್ರಿ ಹೊತ್ತು, ಲಾರಿ ಬರುತ್ತದೆ, ಮುಗಿಯಿತು. ಸತ್ತದ್ದನ್ನೂ ಅವರು ಎಸೆಯಲಿಲ್ಲ. ಯಾವ ಸೇತುವೆ, ಯಾವ ತಾರೀಖು, ಗಂಡೋ ಹೆಣ್ಣೋ, ಯಾರ ಮರಿ ಎಂದು ಬರೆದರು. ಯಾವ ಯಾವ ಸೇತುವೆ ಯಮನ ಬಾಗಿಲು ಎಂದು ಗೊತ್ತಾಯಿತು. ಅಂಥಲ್ಲಿ ಸೇತುವೆಯ ಕೆಳಗೆ ಒಣ ಹಲಗೆ ಹೊಡೆದು ಕಾಲುದಾರಿ ಮಾಡಿದರು, ರಸ್ತೆ ಬದಿಗೆ ಬೇಲಿ ಹಾಕಿದರು. ಹಲಗೆ ಮತ್ತು ತಂತಿಯ ಖರ್ಚು, ಅಷ್ಟೇ. ಮೀನು ಹಿಡಿಯುವ ಗೂಡುಬಲೆಗೆ ಸಿಕ್ಕು ಉಸಿರುಗಟ್ಟಿ ಸಾಯುವುದನ್ನು ತಪ್ಪಿಸಲು ಬಲೆಯ ಬಾಯಿಗೆ ಜಾಲರಿ ಕಟ್ಟುವುದೂ ಬಂತು. ಮೀನು ಒಳಗೆ ಹೋಗುತ್ತದೆ, ನೀರುನಾಯಿ ಹೋಗುವುದಿಲ್ಲ.

ಮೂವತ್ತರಿಂದ ಶುರುವಾದದ್ದು ಇಂದು ಆ ದೇಶದಲ್ಲಿ ನೂರಾರಾಗಿದೆ. ಹಿಕ್ಕೆ ಆರಿಸುವುದು 2008ಕ್ಕೆ ನಿಲ್ಲಲಿಲ್ಲ.

ಹೆಚ್ಚಾದರೂ ಜಗಳ

ಅಮೆರಿಕದ ಮಿಸೌರಿ ರಾಜ್ಯದ್ದು ಇನ್ನೊಂದು ತಮಾಷೆ. ಅಲ್ಲಿ ಚರ್ಮದ ಆಸೆಗೆ ಹಿಡಿದೂ ಹಿಡಿದೂ ನೀರುನಾಯಿ ಬಹುತೇಕ ಮುಗಿದೇ ಹೋಗಿತ್ತು. 1982ರಿಂದ 1992ರವರೆಗೆ ಲೂಸಿಯಾನಾ ರಾಜ್ಯದಿಂದ 845 ಪ್ರಾಣಿ ತರಿಸಿ ಹೊಳೆಗಳಿಗೆ ಬಿಟ್ಟರು. ನಾಲ್ಕು ವರ್ಷ ಕಳೆಯುವುದರೊಳಗೆ, 1996ರಲ್ಲಿ, ಅದೇ ಸರ್ಕಾರ ನೀರುನಾಯಿ ಹಿಡಿಯಲು ಮತ್ತೆ ಪರವಾನಗಿ ಕೊಟ್ಟಿತು!

ಯಾಕೆಂದರೆ ಬೆಳೆದುಬಿಟ್ಟವು. ಇಷ್ಟು ಬೇಗ ಬೆಳೆಯುತ್ತವೆಂದು ಬಿಟ್ಟವರೂ ಎಣಿಸಿರಲಿಲ್ಲ. ಮೀನು ಸಾಕಿದ ಕೆರೆಗಳ ಯಜಮಾನರು ಬೊಬ್ಬೆ ಹಾಕಿದರು. ಗಾಳ ಹಾಕುವವರು ನಮ್ಮ ಹೊಳೆ ಬರಿದಾಯಿತು ಅಂದರು. ಪ್ರಾಣಿಪ್ರಿಯರು ಹಿಡಿಯಬೇಡಿ ಎಂದು ಕೋರ್ಟಿಗೆ ಹೋದರು. ಇಲಾಖೆಯವರು ಎರಡು ಕಡೆಯಿಂದಲೂ ಬೈಸಿಕೊಂಡರು. ಕೊನೆಗೆ ರಾಜ್ಯವನ್ನು ವಲಯಗಳಾಗಿ ಹಂಚಿ, ಹೆಚ್ಚಿರುವ ಕಡೆ ಹೆಚ್ಚು, ಕಡಿಮೆ ಇರುವ ಕಡೆ ಕಡಿಮೆ ಹಿಡಿಯಬೇಕೆಂದು ಮಿತಿ ಹಾಕಿದರು. ಇಷ್ಟಾದರೂ ಮಾಡಲು ಸಾಧ್ಯವಾದದ್ದು ಕೈಯಲ್ಲಿ ಸಂಖ್ಯೆ ಇದ್ದದ್ದರಿಂದ.

ಈ ಕಥೆ ಹೇಳಿದ್ದು ನಮ್ಮಲ್ಲೂ ಹಿಡಿಯಿರಿ ಎಂದಲ್ಲ. ನಮ್ಮಲ್ಲಿ ನೀರುನಾಯಿ ಹಿಡಿಯುವುದು ಕಾನೂನಿನಂತೆ ಅಪರಾಧ, ಅದರ ಚರ್ಮ ಮಾರುವುದೂ ಅಪರಾಧ. ಆದರೆ ಬಲೆಗಾರನ ತಕರಾರನ್ನು ‘ಏ ಹೋಗಯ್ಯ’ ಎಂದು ತಳ್ಳಿಹಾಕುವುದು ಸುಲಭ. ಅವನ ಬಲೆಗೆ ಎಷ್ಟು ನಷ್ಟ ಎಂದು ಬರೆದುಕೊಳ್ಳುವುದು ಕಷ್ಟ. ಬಲೆಯೆಂದರೆ ಸುಮ್ಮನೆ ಬರುತ್ತದೆಯೇ? ಸಾಲ ಮಾಡಿ ತಂದದ್ದು. ಹೊಳೆಯಲ್ಲಿ ಜಿಲೆಟಿನ್ ಕಡ್ಡಿ ಸಿಡಿಸಿ ಸಣ್ಣ ಮೀನು, ದೊಡ್ಡ ಮೀನು, ಮೊಟ್ಟೆ ಎಲ್ಲಾ ಒಂದೇ ಏಟಿಗೆ ಮುಗಿಸುವವನು ಬೇರೆ. ರಾತ್ರಿ ಮರಳು ತುಂಬುವವನು ಬೇರೆ. ಮೀನು ಕಡಿಮೆಯಾದದ್ದಕ್ಕೆ ಇವರ ಪಾಲೆಷ್ಟು, ನೀರುನಾಯಿಯ ಪಾಲೆಷ್ಟು? ಸಿಡಿಮದ್ದಿಗೆ ನೀರುನಾಯಿಯೂ ಸಾಯುತ್ತದೆ, ಬಲೆಗಾರನ ಹೊಟ್ಟೆಯೂ ಸಾಯುತ್ತದೆ. ಅಲ್ಲಿ ಇಬ್ಬರೂ ಒಂದೇ ಕಡೆ. ಆದರೆ ಗದರಿಸಲು ಹತ್ತಿರ ಸಿಗುವವನು ಹಗಲು ಹೊತ್ತು ಹರಿಗೋಲಿನಲ್ಲಿ ಕೂತ ಬಡಪಾಯಿಯೇ.

ಕುರ್ಚಿ ಯಾರಿಗೆ?

ಸಂರಕ್ಷಿತ ಪ್ರದೇಶ ಎಂದರೆ ಅಭಯಾರಣ್ಯದ ಹಾಗಲ್ಲ. 2002ರಲ್ಲಿ ವನ್ಯಜೀವಿ ಕಾಯಿದೆ ತಿದ್ದಿದಾಗ ಬಂದ ಹೊಸ ಬಗೆ ಇದು. ಅಕ್ಕಪಕ್ಕದ ಜನರನ್ನು ಕೇಳಿ ಘೋಷಿಸಬೇಕು. ನೋಡಿಕೊಳ್ಳಲು ಸಲಹೆ ಕೊಡುವುದಕ್ಕೆ ಒಂದು ಸಮಿತಿ ಇರಬೇಕು ಎಂದು ಕಾಯಿದೆಯ 36-ಬಿ ಕಲಮಿನಲ್ಲೇ ಇದೆ. ಅದರಲ್ಲಿ ಯಾರಿರಬೇಕು? ಅರಣ್ಯ ಅಥವಾ ವನ್ಯಜೀವಿ ಇಲಾಖೆಯವರು ಸದಸ್ಯ ಕಾರ್ಯದರ್ಶಿ. ವ್ಯಾಪ್ತಿಗೆ ಬರುವ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು. ವನ್ಯಜೀವಿ ಕೆಲಸ ಮಾಡುವ ಸಂಘಗಳಿಂದ ಮೂವರು. ಕೃಷಿ ಇಲಾಖೆಯಿಂದ ಒಬ್ಬರು, ಪಶುಸಂಗೋಪನೆಯಿಂದ ಒಬ್ಬರು.

ಮೀನುಗಾರಿಕೆ ಇಲಾಖೆ? ಪಟ್ಟಿಯಲ್ಲಿ ಇಲ್ಲ. ಕಾಯಿದೆ ಬರೆದವರ ಕಣ್ಣಿಗೆ ಕಾಡು ಕಂಡಿತ್ತು, ಹೊಲ ಕಂಡಿತ್ತು, ದನ ಕಂಡಿತ್ತು, ಹೊಳೆ ಕಾಣಲಿಲ್ಲ. ಮೀನು ತಿಂದು ಬದುಕುವ ಪ್ರಾಣಿ, ಮೀನು ಹಿಡಿದು ಬದುಕುವ ಜನ, ಇವರಿಬ್ಬರ ನಡುವಿನ ವ್ಯಾಜ್ಯ ಕೇಳಲು ದನದ ಡಾಕ್ಟರಿಗೆ ಕುರ್ಚಿ ಉಂಟು, ಮೀನಿನವರಿಗೆ ಇಲ್ಲ! ಆದರೆ ಪಂಚಾಯಿತಿಯ ಕುರ್ಚಿ ಉಂಟಲ್ಲ. ಹೊಳೆದಂಡೆಯ ಪಂಚಾಯಿತಿಗಳು ಮನಸ್ಸು ಮಾಡಿದರೆ ಆ ಕುರ್ಚಿಗೆ ಬಲೆ ಬೀಸುವವನನ್ನೇ ಕಳಿಸಬಹುದು. ಬೇಡವೆಂದು ಕಾಯಿದೆ ಎಲ್ಲೂ ಹೇಳಿಲ್ಲ.

ಇನ್ನೊಂದು ತೊಡಕು. ಘೋಷಣೆಯಾದಾಗ ಈ ಹೊಳೆ ಬಳ್ಳಾರಿ, ಕೊಪ್ಪಳ ಎರಡು ಜಿಲ್ಲೆಯದು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಮೂರು ಪಾಲು. ಎಡದಂಡೆ ಕೊಪ್ಪಳಕ್ಕೆ, ಬಲದಂಡೆಯಲ್ಲಿ ಹೊಸಪೇಟೆ, ಹಂಪಿ ವಿಜಯನಗರಕ್ಕೆ, ಕಂಪ್ಲಿ ಬಳ್ಳಾರಿಗೆ. ನೀರುನಾಯಿ ಬೆಳಿಗ್ಗೆ ಒಂದು ಜಿಲ್ಲೆಯಲ್ಲಿ ಮೀನು ತಿಂದು ಮಧ್ಯಾಹ್ನ ಇನ್ನೊಂದು ಜಿಲ್ಲೆಯಲ್ಲಿ ಮಲಗುತ್ತದೆ. ಮೂರು ಕಡೆ ಬೇರೆ ಬೇರೆ ದಿನ ಎಣಿಸಿದರೆ ಒಂದನ್ನೇ ಮೂರು ಸಲ ಬರೆದಂತಾಗುತ್ತದೆ. ಒಂದೇ ವಾರದಲ್ಲಿ, ಒಟ್ಟಿಗೆ ಆಗಬೇಕು.

ಆರುನೂರು ಮೀಟರಿನ ನಡಿಗೆ

ಡಿಎನ್‌ಎ ಪರೀಕ್ಷೆ ದುಬಾರಿ, ನಮ್ಮ ಬಿಸಿಲಿಗೆ ಹಿಕ್ಕೆ ಬೇಗ ಹಾಳಾಗುತ್ತದೆ ಎನ್ನುವವರಿಗೆ ಇಂಗ್ಲೆಂಡಿನ ದಾರಿ ಇದೆ. ಅಲ್ಲೂ ನೀರುನಾಯಿ ತೀರಾ ಕುಸಿದಿತ್ತು. ಒಂದಷ್ಟನ್ನು ಸಾಕಿ ಬಿಟ್ಟರು, ಹೆಚ್ಚಿನ ಕಡೆ ನೀರಿನ ವಿಷ ಕಡಿಮೆಯಾದ ಮೇಲೆ ತಾವಾಗಿ ಹರಡಿದವು. ಅವರ ಎಣಿಕೆಗೆ ಪ್ರಯೋಗಶಾಲೆಯೇ ಬೇಡ. ಹೊಳೆಯ ಒಂದು ಜಾಗದಲ್ಲಿ ಇಳಿದು ದಡದ ಗುಂಟ 600 ಮೀಟರ್ ನಡೆಯುವುದು. ಹಿಕ್ಕೆಯೋ ಹೆಜ್ಜೆಯೋ ಸಿಕ್ಕಿತೇ, ‘ಉಂಟು’ ಎಂದು ಬರೆ. ಸಿಗಲಿಲ್ಲವೇ, ‘ಇಲ್ಲ’ ಎಂದು ಬರೆ. ಮುಂದಿನ ಜಾಗಕ್ಕೆ ಹೋಗು. 1977-79ರಲ್ಲಿ 2,940 ಜಾಗ ನೋಡಿದರು. ನೂರಕ್ಕೆ ಆರು ಕಡೆಯೂ ಗುರುತು ಸಿಗಲಿಲ್ಲ. ಕೆಲವು ವರ್ಷಕ್ಕೊಮ್ಮೆ ಮತ್ತೆ ನಡೆದರು. 2009-10ರ ಹೊತ್ತಿಗೆ ನೂರಕ್ಕೆ ಸುಮಾರು 59 ಕಡೆ ಸಿಕ್ಕಿತು. ಪ್ರಾಣಿ ಎಷ್ಟು ಎಂದು ಇದರಿಂದ ಗೊತ್ತಾಗುವುದಿಲ್ಲ ನಿಜ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಗೊತ್ತಾಗುತ್ತದೆ, ಎಲ್ಲಿಂದ ಜಾಗ ಖಾಲಿ ಮಾಡಿತು ಎಂಬುದೂ ಗೊತ್ತಾಗುತ್ತದೆ.

ನಮ್ಮ ಹೊಳೆಗೆ ಲೆಕ್ಕ ಹಾಕೋಣ. 34 ಕಿಲೋಮೀಟರನ್ನು 600 ಮೀಟರಿನ ತುಂಡು ಮಾಡಿದರೆ ಒಂದು ದಡಕ್ಕೆ 57, ಎರಡೂ ದಡ ಸೇರಿ 113 ಅಥವಾ 114. ನಡುಗಡ್ಡೆಗಳು ಬೇರೆ. ನಾಲ್ಕು ತಂಡ, ಒಂದೊಂದು ತಂಡ ದಿನಕ್ಕೆ ಐದು ತುಂಡು ನಡೆದರೆ ಆರು ದಿನದ ಕೆಲಸ. ಬಂಡೆ ಹತ್ತಿ ಇಳಿಯುವ ಕಡೆ ತಡವಾಗುತ್ತದೆ, ಎಂಟು ದಿನ ಅನ್ನಿ. ಬೇಕಾದದ್ದು ಹರಿಗೋಲಿನ ಬಾಡಿಗೆ, ಊಟ, ಒಂದು ನೋಟ್‌ಬುಕ್ಕು, ಮತ್ತು ಹಿಕ್ಕೆ ಗುರುತಿಸುವ ಕಣ್ಣು. ಆ ಕಣ್ಣು ಹೊಳೆಯ ಮೇಲೆ ಹುಟ್ಟಿ ಬೆಳೆದವರಿಗೆ ಈಗಾಗಲೇ ಇದೆ, ಅವರಿಗೆ ದಿನಗೂಲಿ ಕೊಟ್ಟು ಕರೆದುಕೊಂಡು ಹೋದರೆ ಆಯಿತು. ಜೊತೆಗೇ ಇನ್ನೆರಡು ಕಲಂ ಗೀಟು ಹಾಕಬೇಕು: ಬಲೆಗೆ ಎಷ್ಟು ನಷ್ಟ, ಸತ್ತ ನೀರುನಾಯಿ ಎಲ್ಲಿ ಸಿಕ್ಕಿತು.

ಸಮಯ ಮಾತ್ರ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಹೋಗಿ ಪ್ರಯೋಜನವಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ನೀರು ನುಗ್ಗಿದ್ದು ಯಾರೂ ಮರೆತಿಲ್ಲ. ಹಾಗೆ ಆಗದ ವರ್ಷವೂ ಹೊಳೆ ತುಂಬಿದರೆ ದಡದ ಮರಳು ಒರೆಸಿದ ಹಲಗೆಯ ಹಾಗಿರುತ್ತದೆ, ಹೆಜ್ಜೆಯೂ ಇಲ್ಲ, ಹಿಕ್ಕೆಯೂ ಇಲ್ಲ. ನೀರು ಇಳಿದು, ಬಂಡೆ ಒಣಗಿ, ಮರಳಿನ ದಿಬ್ಬ ಮೇಲೆದ್ದ ಮೇಲೆ, ಅಂದರೆ ಸಂಕ್ರಾಂತಿ ಕಳೆದ ನಂತರ ಶುರು ಮಾಡಿ, ಮುಂಗಾರಿಗೆ ಮೊದಲು ಮುಗಿಸಬೇಕು. ಮುಂದಿನ ವರ್ಷವೂ ಅದೇ ತಿಂಗಳು, ಅದೇ ತುಂಡುಗಳು.